ಕಾಲು ಮಿಲಿಮೀಟರಿನ ಫಜೀತಿ

ನನ್ನ ಹಳೆಯ ಲಾರಿಯು ಸ್ಟಿಯರಿಂಗ್ ಇಲ್ಲದ ಕಡೆಗೆ ಎರಡು ಇಂಚಿನಷ್ಟು ವಾಲಿಕೊಂಡು ನಿಲ್ಲುತ್ತಿದ್ದುದನ್ನು ನಾನು ಬಹಳ ಕಾಲ ಅದರ ಸ್ವಭಾವವೆಂದೇ ಭಾವಿಸಿದ್ದೆ. ವಯಸ್ಸಾದವರಲ್ಲಿ ಕೆಲವರು ಒಂದು ಭುಜವನ್ನು ತಗ್ಗಿಸಿಕೊಂಡೇ ನಡೆಯುತ್ತಾರೆ. ಅವರನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಆದ್ದರಿಂದ ಲಾರಿಯನ್ನು ತಿದ್ದುವ ಬದಲು ನಾನೇ ಹೊಂದಿಕೊಂಡೆ. ಗೋಣಿಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ, ಡ್ರೈವರ್ ಸೀಟಿನ ತಗ್ಗಾದ ಅಂಚಿನಡಿಗೆ ತುರುಕಿದೆ. ಅಲ್ಲಿಂದ ಮುಂದೆ ಲಾರಿ ವಾಲಿಕೊಂಡು ಓಡುತ್ತಿತ್ತು, ನಾನು ಅದರೊಳಗೆ ನೆಟ್ಟಗೆ ಕುಳಿತಿರುತ್ತಿದ್ದೆ.

ಈ ಹೊಂದಾಣಿಕೆ ಮುರಿದದ್ದು ಒಂದು ಸಣ್ಣ ಗುಂಡಿಯಲ್ಲಿ. ಚಕ್ರವು ಮೇಲೆದ್ದು ಮಡ್‌ಗಾರ್ಡಿಗೆ ಉಜ್ಜಿದ ಸದ್ದಿಗೆ ಬೆದರಿ, ಲಾರಿಯಡಿ ತೂರಿ ಟಾರ್ಚು ಬಿಟ್ಟು ನೋಡಿದರೆ, ಉಕ್ಕಿನ ಪಟ್ಟಿಗಳನ್ನು ಒಂದರಡಿ ಒಂದಾಗಿ ಜೋಡಿಸಿದ ಮುಂದಿನ ಸ್ಪ್ರಿಂಗಿನ ಮೂರನೆಯ ಪ್ಲೇಟು, ಅವನ್ನೆಲ್ಲ ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಬಳಿಯೇ ಎರಡು ತುಂಡಾಗಿತ್ತು. ಮುರಿದ ಬಾಯಿಯಲ್ಲಿ ಮುಕ್ಕಾಲು ಪಾಲು ತುಕ್ಕು ಹಿಡಿದು ಕಪ್ಪಾಗಿದ್ದು, ಕಾಲು ಪಾಲು ಮಾತ್ರ ಹೊಸದಾಗಿ ಹೊಳೆಯುತ್ತಿದ್ದುದರಿಂದ, ಅದು ನಿಧಾನವಾಗಿ ಬಿರುಕು ಬಿಡುತ್ತಾ ಬಂದು ಆ ದಿನ ಕೇವಲ ಔಪಚಾರಿಕವಾಗಿ ಮುರಿಯಿತೆಂಬುದು ಸ್ಪಷ್ಟವಾಗಿತ್ತು. ನಾನು ಸ್ವಭಾವ ಎಂದುಕೊಂಡದ್ದು ಗಾಯವಾಗಿತ್ತು.

ಬಿಡಿಭಾಗದ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ "ಯಾವ ಮಾಡೆಲ್ಲು, ಯಾವ ಇಸವಿ?" ಎಂಬುದು. ಹೊಸ ಗಾಡಿಯ ಮಾಲೀಕನಿಗೆ ಇದು ಪ್ರಶ್ನೆ, ಹಳೆಯ ಗಾಡಿಯ ಮಾಲೀಕನಿಗೆ ಅವಮಾನ. ದಾಖಲೆಯಲ್ಲಿರುವ ಇಸವಿ ನೋಂದಣಿಯದೇ ಹೊರತು ತಯಾರಾದದ್ದಲ್ಲ. ತಯಾರಾದ ಇಸವಿ ತಿಳಿದರೂ ನನಗೆ ಮೊದಲಿದ್ದ ಮಾಲೀಕರಲ್ಲಿ ಯಾರೋ ಒಬ್ಬರು ಮುಂದಿನ ಆಕ್ಸಲನ್ನು ಬೇರೊಂದು ಲಾರಿಯಿಂದ ತಂದು ಕೂರಿಸಿದ್ದರು. ಹೀಗಾಗಿ ಕ್ಯಾಬಿನ್ನು ಒಂದು ಹುಟ್ಟಿದ ದಿನ ಹೇಳಿದರೆ ಆಕ್ಸಲು ಇನ್ನೊಂದನ್ನು ಹೇಳುತ್ತಿತ್ತು. ಸ್ಪ್ರಿಂಗಿನ ಮೇಲೆ ಒತ್ತಿದ್ದ ಪಾರ್ಟ್ ನಂಬರಿನಲ್ಲಿ ಎರಡು ಅಂಕಿ ಮತ್ತು ಅರ್ಧ ಅಕ್ಷರ ಉಳಿದಿದ್ದವು. ಸ್ಪ್ರಿಂಗಿನ ನಿಯಮವನ್ನು ಕಂಡುಹಿಡಿದ ರಾಬರ್ಟ್ ಹುಕ್ ಅದನ್ನು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿ, 1678ರಲ್ಲಿ ತಾನೇ ಬಿಡಿಸಿ ಹೇಳಿದನಂತೆ. ಎಳೆದಷ್ಟು ಬಲ ಎಂಬುದು ಅದರ ಸಾರಾಂಶ. ನನ್ನ ಸ್ಪ್ರಿಂಗಿನ ಒಗಟನ್ನು ಕಲಸಿದ್ದು ತುಕ್ಕು. ತುಕ್ಕು ಎರಡು ವರ್ಷದ ನಂತರ ಬಂದು ಉತ್ತರ ಹೇಳುವ ಪೈಕಿಯಲ್ಲ.

ಕೊನೆಗೆ, ಎರಡೂ ಕಡೆಯ ಮುಂದಿನ ಸ್ಪ್ರಿಂಗನ್ನು ಅಳತೆ ಕೊಟ್ಟು ಮಾಡಿಸುವುದು, ಅದರ ತುದಿಗಳಲ್ಲಿ ಕೂರುವ ಲೋಹದ ಕೊಳವೆಗಳಾದ ಬುಷ್‌ಗಳನ್ನು ಮಾತ್ರ ಅಂಗಡಿಯಲ್ಲಿ ಕೊಳ್ಳುವುದು ಎಂದು ತೀರ್ಮಾನವಾಯಿತು. ಸ್ಪ್ರಿಂಗ್ ಮಾಡುವವರು ಜಾಣರು. ಅವರು ನನ್ನ ಅಳತೆಯನ್ನು ನಂಬದೆ, ಬಿಚ್ಚಿದ ಪ್ಲೇಟುಗಳನ್ನೂ ಒಂದು ಹಳೆಯ ಬುಷ್ಷನ್ನೂ ಮಾದರಿಗೆಂದು ತರಿಸಿಕೊಂಡರು. ಅಲ್ಲಿ ನಾನು ಈ ಪ್ರಕರಣದಲ್ಲಿ ಮಾಡಿದ ಏಕೈಕ ಬುದ್ಧಿವಂತಿಕೆಯ ಕೆಲಸವೂ ನಡೆಯಿತು. ಎಂಟು ಮಿಲಿಮೀಟರಿನ ಪಟ್ಟಿ ಸದ್ಯಕ್ಕೆ ಇಲ್ಲವೆಂದೂ, ಒಂಬತ್ತರದ್ದು ಹಾಕಿದರೆ ಒಂದೇ ಒಂದು ಮಿಲಿಮೀಟರಿನ ವ್ಯತ್ಯಾಸವೆಂದೂ ಅಲ್ಲಿಯವರು ಹೇಳಿದಾಗ, ಪ್ಲೇಟಿನ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ ಎಂಬುದು ನನಗೆ ನೆನಪಾಯಿತು. ಒಂಬತ್ತನ್ನು ಎಂಟರಿಂದ ಭಾಗಿಸಿ, ಬಂದದ್ದನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಸುಮಾರು 1.42 ಬರುತ್ತದೆ. ಅಂದರೆ ಒಂದು ಮಿಲಿಮೀಟರಿನ ಔದಾರ್ಯಕ್ಕೆ ಲಾರಿಯ ಮುಂಭಾಗ ಶೇಕಡಾ 42ರಷ್ಟು ಗಡುಸಾಗಿ, ಪ್ರತಿಯೊಂದು ಕಲ್ಲಿನ ಸುದ್ದಿಯನ್ನೂ ನನ್ನ ಬೆನ್ನುಹುರಿಗೆ ತಲುಪಿಸುತ್ತಿತ್ತು. ನಾನು ಎಂಟರದ್ದಕ್ಕೇ ಕಾಯುವುದಾಗಿ ಹೇಳಿ, ವಿಜ್ಞಾನ ಓದಿದ ಗಾಂಭೀರ್ಯದಿಂದ ಹೊರಗೆ ಬಂದೆ.

ಅದೇ ಗಾಂಭೀರ್ಯದಿಂದ ಬುಷ್ ಕೊಳ್ಳಲು ಹೋದದ್ದು ತಪ್ಪಾಯಿತು. ಮೇನ್ ಪ್ಲೇಟಿನ ತುದಿಯನ್ನು ಸುರುಳಿ ಸುತ್ತಿ ಮಾಡಿದ ಕಣ್ಣಿನೊಳಗೆ ಬುಷ್ಷು ಬಿಗಿಯಾಗಿ ಕೂರಬೇಕು. ಬುಷ್ಷಿನೊಳಗೆ ಪಿನ್ನು ಸಲೀಸಾಗಿ ಆಡಬೇಕು. ನಾನು ಬಟ್ಟೆ ಅಳೆಯುವ ಟೇಪು ಹಿಡಿದು ಹಳೆಯ ಕಣ್ಣನ್ನು ಅಳೆದು 32 ಮಿಲಿಮೀಟರ್ ಎಂದು ಬರೆದುಕೊಂಡಿದ್ದೆ. ಹೊಸ ಸ್ಪ್ರಿಂಗು ಬಂದ ದಿನ 32ರ ಹಿತ್ತಾಳೆ ಬಣ್ಣದ ಕಂಚಿನ ಬುಷ್ಷನ್ನು ಕಣ್ಣಿನ ಬಾಯಿಗಿಟ್ಟರೆ, ಅದು ಒಳಗೆ ಹೋಗದೆ, ಬಾಗಿಲಲ್ಲಿ ನಿಂತ ಅತಿಥಿಯಂತೆ ಸುಮ್ಮನೆ ನಿಂತುಕೊಂಡಿತು. ಲಾರಿಯು ಇಂಚಿನ ಕಾಲದ್ದು, ಕಣ್ಣು ಒಂದೂಕಾಲು ಇಂಚಿನದು. ಒಂದು ಇಂಚಿಗೆ 25.4 ಮಿಲಿಮೀಟರಿನ ಲೆಕ್ಕದಲ್ಲಿ ಅದು 31.75 ಆಗುತ್ತದೆ. ಸ್ಪ್ರಿಂಗಿನವರು ಹಳೆಯ ಬುಷ್ಷಿಗೆ ಸರಿಯಾಗಿ ಕಣ್ಣು ಸುತ್ತಿದ್ದರು, ನಾನು ನನ್ನ ಟೇಪಿಗೆ ಸರಿಯಾಗಿ ಬುಷ್ ತಂದಿದ್ದೆ, ನಡುವೆ ಕಾಲು ಮಿಲಿಮೀಟರು ನಿಂತಿತ್ತು.

ಲೋಹವನ್ನು ತಣ್ಣಗೆ ಮಾಡಿದರೆ ಕುಗ್ಗುತ್ತದೆ ಎಂಬ ಶಾಲೆಯ ಪಾಠವನ್ನು ನಂಬಿ, ನಾಲ್ಕೂ ಬುಷ್‌ಗಳನ್ನು ಮನೆಯ ಫ್ರೀಜರಿನಲ್ಲಿ ಐಸ್ ಟ್ರೇಯ ಹಿಂದೆ ಸಾಲಾಗಿಟ್ಟು ಮಲಗಿದೆ. ಬೆಳಿಗ್ಗೆ ಐಸ್ ತೆಗೆಯಲು ಹೋದ ಹೆಂಡತಿ ಒಂದು ಬುಷ್ಷನ್ನು ಎರಡು ಬೆರಳಲ್ಲಿ ಹಿಡಿದು ತಂದು, "ಇದು ಕರಗುತ್ತದೆಯೇ?" ಎಂದು ಮಾತ್ರ ಕೇಳಿದಳು. ಕರಗಲಿಲ್ಲ, ಕುಗ್ಗಲೂ ಇಲ್ಲ. ಆಮೇಲೆ ಲೆಕ್ಕ ಹಾಕಿದರೆ, 45 ಡಿಗ್ರಿ ತಣ್ಣಗಾದ ಆ ಗಾತ್ರದ ಕಂಚು ಕುಗ್ಗುವುದು ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಭಾಗ. ನನಗೆ ಬೇಕಾಗಿದ್ದದ್ದು ಅದರ ಹತ್ತು ಪಟ್ಟು. ಲೆಕ್ಕವನ್ನು ಹಿಂದಿನ ರಾತ್ರಿಯೇ ಹಾಕಬಹುದಿತ್ತು. ಬುಷ್‌ಗಳನ್ನು ಹಿಂದಿರುಗಿಸಲು ಹೋದಾಗ ಅಂಗಡಿಯವರು ಅವುಗಳ ಮೇಲಿನ ಸುತ್ತಿಗೆಯ ಗುರುತುಗಳನ್ನು ನೋಡಿದರು, ನಂತರ ನನ್ನನ್ನು ನೋಡಿದರು. ಕೊನೆಗೆ ಅವನ್ನು ಲೇತಿನಲ್ಲಿ ಸವರಿಸಿ ಸರಿಮಾಡಿಸಿಕೊಂಡೆ.

ಕಂಚಿನ ಬದಲು ರಬ್ಬರ್ ಬುಷ್ ಹಾಕಬಾರದೇ ಎಂದು ಸ್ನೇಹಿತರು ಕೇಳಿದ್ದುಂಟು. ರಬ್ಬರಿಗೆ ಗ್ರೀಸು ಬೇಡ, ಸದ್ದೂ ಇಲ್ಲ, ನಿಜ. ಆದರೆ ನನ್ನ ಪಿನ್ನುಗಳು ಗ್ರೀಸಿನ ಪಿನ್ನುಗಳು, ಅವುಗಳೊಳಗೆ ಗ್ರೀಸು ಹರಿಯಲು ತೂತುಗಳಿವೆ, ತಲೆಯ ಮೇಲೆ ಗ್ರೀಸು ತುಂಬುವ ನಿಪ್ಪಲ್ಲುಗಳಿವೆ. ಆ ನಿಪ್ಪಲ್ಲುಗಳನ್ನು ಕಂಡುಹಿಡಿದದ್ದೇ ಒಂದು ಉತ್ಖನನ. ಚಾಸಿಗೆ ಬಣ್ಣ ಹೊಡೆಯುವಾಗಲೆಲ್ಲ ಅವುಗಳ ಮೇಲೂ ಶ್ರದ್ಧೆಯಿಂದ ಬಣ್ಣ ಹೊಡೆಯಲಾಗಿತ್ತು. ಚಾಕುವಿನ ತುದಿಯಿಂದ ಕೆರೆದಾಗ ಮೊದಲು ಕಪ್ಪು, ಅದರಡಿ ಕೆಂಪು, ಅದರಡಿ ಮತ್ತೆ ಕಪ್ಪು ಬಂದು, ಕೊನೆಗೆ ಜೋಳದ ಕಾಳಿನಷ್ಟು ದೊಡ್ಡ ನಿಪ್ಪಲ್ಲಿನ ತಲೆ ಕಾಣಿಸಿತು. ಮೂರು ಪದರ ಬಣ್ಣವನ್ನು ದಾಟಿ ಯಾವ ಗ್ರೀಸೂ ಒಳಗೆ ಹೋಗಿರಲು ಸಾಧ್ಯವಿರಲಿಲ್ಲ. ಒಳಗಿನ ಪಿನ್ನು ಒಣಗಿ, ಒಂದೇ ಪಕ್ಕ ಸವೆದು, ಅರ್ಧ ಕಚ್ಚಿದ ಪೆನ್ಸಿಲ್ಲಿನಂತಾಗಿತ್ತು.

ಇನ್ನು ಮುಖ್ಯ ಅನಾಹುತಕ್ಕೆ ಬರುತ್ತೇನೆ. ಎರಡು ಕಡೆಯ ಸ್ಪ್ರಿಂಗುಗಳು ಒಂದೇ ಬಗೆಯವಲ್ಲ. ಡ್ರೈವರು, ಡೀಸೆಲ್ ಟ್ಯಾಂಕು, ಬ್ಯಾಟರಿ ಎಲ್ಲವೂ ಒಂದೇ ಪಕ್ಕಕ್ಕಿರುವುದರಿಂದ ಆ ಕಡೆಗೆ ಒಂಬತ್ತು ಪ್ಲೇಟು, ಇನ್ನೊಂದು ಕಡೆಗೆ ಎಂಟು. ಯಾವುದು ಎಡ, ಯಾವುದು ಬಲ ಎಂದು ಸ್ಪ್ರಿಂಗಿನವರು ಫೋನಿನಲ್ಲಿ ಕೇಳಿದಾಗ, ನಾನು ಬಾನೆಟ್ಟಿನ ಎದುರಿಗೆ, ಲಾರಿಯ ಮುಖ ನೋಡುತ್ತಾ ನಿಂತಿದ್ದೆ. ನನ್ನ ಎರಡು ಕೈಗಳನ್ನು ಸರಿಯಾಗಿ ನೋಡಿಕೊಂಡು, ಒಂದಿಷ್ಟೂ ಅನುಮಾನವಿಲ್ಲದೆ ಉತ್ತರಿಸಿದೆ. ಅವರು ಅದರಂತೆಯೇ ಸೀಮೆಸುಣ್ಣದಲ್ಲಿ ಬರೆದು ಕಳಿಸಿದರು, ಮೇಸ್ತ್ರಿ ಬರೆದಿದ್ದಂತೆಯೇ ಜೋಡಿಸಿದರು, ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿದು ಹಿಡಿಯುವ ಯು ಬೋಲ್ಟುಗಳನ್ನು ಪೂರ್ತಿ ಬಿಗಿಮಾಡಿ ಜಾಕಿ ಇಳಿಸಿದರು. ಲಾರಿಯು ಒಮ್ಮೆ ನಿಟ್ಟುಸಿರು ಬಿಟ್ಟು, ಮೆಲ್ಲಗೆ, ಇಷ್ಟು ವರ್ಷ ವಾಲದ ಕಡೆಗೆ ವಾಲಿತು.

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡದೆಯೇ ಸ್ವಲ್ಪ ಹೊತ್ತು ನೋಡಿದರು. ಬಗ್ಗಿ ಪ್ಲೇಟುಗಳನ್ನು ಎಣಿಸಿದರು. ನಾನು ನಿಂತಿದ್ದ ಜಾಗವನ್ನು ತೋರಿಸಿ ವಿವರಿಸಿದಾಗ, "ಎಡ ಬಲ ಅಂತ ಹೇಳಲೇಬಾರದು ಸಾರ್. ಡ್ರೈವರ್ ಸೈಡು, ಕ್ಲೀನರ್ ಸೈಡು. ಗಾಡಿ ಮುಂದೆ ನಿಂತರೂ, ಹಿಂದೆ ನಿಂತರೂ, ಅಡಿಯಲ್ಲಿ ಮಲಗಿದರೂ ಡ್ರೈವರ್ ಎದ್ದು ಆ ಕಡೆ ಹೋಗಲ್ಲ" ಎಂದರು. ಇದಕ್ಕೆ ನನ್ನಲ್ಲಿ ಘನದ ಲೆಕ್ಕವೇನೂ ಇರಲಿಲ್ಲ.

ಎರಡನ್ನೂ ಬಿಚ್ಚಿ ಅದಲುಬದಲು ಮಾಡಬೇಕಾಯಿತು. ಒಮ್ಮೆ ಪೂರ್ತಿ ಬಿಗಿಮಾಡಿದ ಯು ಬೋಲ್ಟು ಹಿಗ್ಗಿರುತ್ತದೆಯಾದ್ದರಿಂದ ಮತ್ತೆ ಬಳಸಲು ಮೇಸ್ತ್ರಿ ಒಪ್ಪಲಿಲ್ಲ. ಒಂದು ಗಂಟೆಯೂ ಓಡದ ನಾಲ್ಕು ಬೋಲ್ಟುಗಳು ಗುಜರಿಗೆ ಹೋಗಿ, ಹೊಸ ನಾಲ್ಕು ಬಂದವು. ಸಂಜೆಗೆ ಲಾರಿ ಮತ್ತೆ ನೆಲ ಮುಟ್ಟಿದಾಗ ಎರಡೂ ಕಡೆ ಟೇಪು ಹಿಡಿದು ನೋಡಿದೆವು. ಸಮವಾಗಿತ್ತು. ಕೆಲವು ನೂರು ಕಿಲೋಮೀಟರು ಓಡಿಸಿ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿಸಲು ಬರಬೇಕೆಂದು ಮೇಸ್ತ್ರಿ ಎರಡು ಸಲ ಹೇಳಿದರು.

ನಾನು ಹೆಮ್ಮೆಯಿಂದ ಹತ್ತಿ ಕುಳಿತು ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಲಾರಿ ಡ್ರೈವರ್ ಬಾಗಿಲಿನ ಕಡೆಗೆ ವಾಲುತ್ತಿರುವುದು ಖಚಿತವಾಯಿತು. ಇಳಿದು ಅಳೆದೆ, ಸಮವಾಗಿತ್ತು. ಹತ್ತಿದೆ, ವಾಲಿತು. ಮತ್ತೆ ಇಳಿದು, ಈ ಬಾರಿ ಇಂಚಿನಲ್ಲೂ ಮಿಲಿಮೀಟರಿನಲ್ಲೂ ಅಳೆದೆ, ಸಮವೇ ಇತ್ತು. ಹಿಂದಿರುಗಿ ಹೋಗಿ ಬೆವರೊರೆಸಿಕೊಳ್ಳುತ್ತಾ ದೂರಿದಾಗ, ಮೇಸ್ತ್ರಿ ಒಂದು ಮಾತೂ ಆಡದೆ ಕ್ಯಾಬಿನ್ನಿಗೆ ಹತ್ತಿ, ನನ್ನ ಸೀಟಿನ ಅಂಚಿನಡಿ ಕೈ ಹಾಕಿ, ನಾಲ್ಕು ಮಡಿಕೆಯ ಗೋಣಿಚೀಲವನ್ನು ಎಳೆದು ಹೊರಕ್ಕೆ ಹಾಕಿದರು.