ಇರುವುದೊಂದೇ ಬರಿಹೊಟ್ಟೆ

ಡಿಕಾಕ್ಷನ್ ರಾತ್ರಿಯೇ ಇಳಿದಿರುತ್ತದೆ. ಹಾಲು ಕಾದು ಕೆನೆ ಕಟ್ಟಿರುತ್ತದೆ. ಆದರೂ ನನಗೆ ಕಾಫಿ ಸಿಗುವುದಿಲ್ಲ. "ರೀ, ಜ್ಯೂಸ್ ಕುಡಿದು ಅರ್ಧ ಗಂಟೆ ಆಗ್ಲಿ" ಎಂದು ಹೆಂಡತಿ ಗಡಿಯಾರ ನೋಡುತ್ತಾಳೆ. ಆ ಅರ್ಧ ಗಂಟೆಯಲ್ಲಿ ಪೇಪರಿನ ಸುದ್ದಿಯೆಲ್ಲ ನನಗೆ ಕೆಟ್ಟದಾಗಿಯೇ ಕಾಣುತ್ತದೆ.

ಜ್ಯೂಸ್ ಅಂದರೆ ಯಾವುದು ಅಂತ ನಿಮಗೆ ಗೊತ್ತು. ಹಸಿರು ಬಣ್ಣದ್ದು. ನಿಮ್ಮ ಮನೆಯಲ್ಲೂ ಯಾರಾದರೂ ಒಬ್ಬರು ಶುರು ಮಾಡಿರುತ್ತಾರೆ. ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಬೆಳಿಗ್ಗೆ ಆರಕ್ಕೇ ಮಿಕ್ಸಿ ಕೂಗುತ್ತಿರುತ್ತದೆ. ನನ್ನ ತಕರಾರು ರುಚಿಯ ಬಗ್ಗೆ ಅಲ್ಲ. ಒಂದು ಚೂರು ಶುಂಠಿ, ನಾಲ್ಕು ಎಲೆ ಪುದೀನ, ಅರ್ಧ ನಿಂಬೆಹಣ್ಣು ಬಿದ್ದರೆ ಯಾವ ಸೊಪ್ಪಾದರೂ ಗಂಟಲಲ್ಲಿ ಇಳಿಯುತ್ತದೆ. ತಕರಾರು ಇರುವುದು ಬರಿಹೊಟ್ಟೆಯ ಬಗ್ಗೆ.

ನೀವೇ ನೋಡಿ. ಮೆಂತ್ಯ ನೆನೆಸಿದ ನೀರು ಬರಿಹೊಟ್ಟೆಯಲ್ಲಿ ಕುಡಿಯಬೇಕು. ಜೀರಿಗೆ ನೀರೂ ಬರಿಹೊಟ್ಟೆಯಲ್ಲೇ. ನೆಲ್ಲಿಕಾಯಿ ರಸ, ಬಿಸಿನೀರಿಗೆ ಜೇನುತುಪ್ಪ, ಒಂದು ಎಸಳು ಬೆಳ್ಳುಳ್ಳಿ, ಸಿಪ್ಪೆ ಸುಲಿದ ಬಾದಾಮಿ, ಪಾರ್ಕಿನ ಗೇಟಿನ ಹತ್ತಿರ ಸ್ಟೀಲ್ ಕ್ಯಾನಿಟ್ಟುಕೊಂಡು ಕೂತವರ ಗರಿಕೆ ರಸ, ಬೂದುಗುಂಬಳದ ರಸ, ಎಲ್ಲವೂ ಅಷ್ಟೇ. ಬೂದುಗುಂಬಳ ಅಂದರೆ ನಮಗೆ ಮಜ್ಜಿಗೆ ಹುಳಿ, ಕಾಶಿ ಹಲ್ವ, ಆಯುಧಪೂಜೆಯ ದಿನ ನಡುರಸ್ತೆಯಲ್ಲಿ ಒಡೆಯುವುದು, ಇಷ್ಟೇ ಆಗಿತ್ತು. ಅದೂ ಈಗ ಬರಿಹೊಟ್ಟೆ ಕೇಳುತ್ತಿದೆ. ಹಬ್ಬದ ಸೀಸನ್ನಿನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಎಲ್ಲರೂ ನನ್ನ ಹೊಟ್ಟೆಗೆ ಟವೆಲ್ ಹಾಕಿದ್ದಾರೆ. ಇರುವುದು ಒಂದೇ ಸೀಟು. ಮೊದಲನೆಯದು ಒಳಗೆ ಹೋದ ಮೇಲೆ ಎರಡನೆಯದಕ್ಕೆ ಹೊಟ್ಟೆ ಬರಿ ಹೇಗಾಗುತ್ತದೆ? ಇದನ್ನು ಕೇಳಿದರೆ "ನಿಮಗೆ ಎಲ್ಲದರಲ್ಲೂ ಕೊಂಕು" ಅನ್ನುತ್ತಾರೆ.

ಇವರಲ್ಲಿ ನ್ಯಾಯವಾಗಿ ಸೀಟು ಕೇಳುವ ಹಕ್ಕಿರುವುದು ಒಂದಕ್ಕೆ ಮಾತ್ರ. ಅಮ್ಮನ ಥೈರಾಯ್ಡ್ ಮಾತ್ರೆಗೆ. ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಬರೀ ನೀರಿನ ಜೊತೆ ನುಂಗಬೇಕು. ಹಿಂದೆಯೇ ಕಾಫಿ ಕುಡಿದರೂ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಅಮ್ಮ ಐದಕ್ಕೆ ಎದ್ದು ಅದನ್ನು ನುಂಗಿ ಮತ್ತೆ ಮಲಗುತ್ತಾಳೆ. ಯಾರಿಗೂ ಫಾರ್ವರ್ಡ್ ಮಾಡುವುದಿಲ್ಲ.

ಬರಿಹೊಟ್ಟೆಯ ವಿಷಯದಲ್ಲಿ ನನ್ನದೇ ಒಂದು ಸಿದ್ಧಾಂತವಿದೆ. ಅದನ್ನು ಹೇಳುವ ಮೊದಲು ದೊಡ್ಡಪ್ಪನ ವಿಷಯ ಹೇಳಿಬಿಡಬೇಕು.

ದೊಡ್ಡಪ್ಪ ಸಾಗರದ ಕಡೆಯವರು. ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಬಂದು ನಮ್ಮಲ್ಲೇ ಇದ್ದರು. ಅವರ ಪ್ರಕಾರ ಕಹಿಯಾಗಿರುವುದೆಲ್ಲ ಔಷಧಿ. ಕಹಿ ಜಾಸ್ತಿ ಆದಷ್ಟೂ ಗುಣ ಜಾಸ್ತಿ. ಯುಗಾದಿಗೆ ನಾವೆಲ್ಲ ಬೇವಿನ ಹೂವನ್ನು ಬೆಲ್ಲದಲ್ಲಿ ಮುಚ್ಚಿ ನುಂಗಿದರೆ ಅವರು ಬೆಲ್ಲವನ್ನು ಪಕ್ಕಕ್ಕಿಟ್ಟು ಬೇವನ್ನು ಜಗಿಯುವವರು. ಹಾಗಾಗಿ ಜ್ಯೂಸಿಗೆ ಅವರ ಬೆಂಬಲ ಇತ್ತು. ಆದರೆ ಅದನ್ನು ಮಾಡುವ ಕ್ರಮ ಒಪ್ಪಿಗೆ ಇರಲಿಲ್ಲ. ಹೆಂಡತಿ ಸೌತೆಕಾಯಿಯ ತೊಟ್ಟಿನ ಕಡೆ ಒಂದು ಬಿಲ್ಲೆ ಕತ್ತರಿಸಿ, ಅದೇ ಬಿಲ್ಲೆಯಿಂದ ಕತ್ತರಿಸಿದ ಜಾಗವನ್ನು ಗರಗರ ತಿಕ್ಕುತ್ತಾಳೆ. ಅಂಚಿನಲ್ಲಿ ಬಿಳಿ ನೊರೆ ಉಕ್ಕುತ್ತದೆ. ಅದನ್ನು ನೀರಿನಲ್ಲಿ ತೊಳೆದು, ಬಿಲ್ಲೆಯನ್ನು ಬಿಸಾಡುತ್ತಾಳೆ. ದೊಡ್ಡಪ್ಪ ಪಕ್ಕದಲ್ಲೇ ನಿಂತು, "ಇರೋ ಗುಣವನ್ನೆಲ್ಲ ತಿಕ್ಕಿ ತೆಗೆದುಬಿಟ್ಟೆಯಲ್ಲಮ್ಮಾ" ಎಂದು ಮರುಗುತ್ತಿದ್ದರು.

ಒಂದು ದಿನ ಗಾಡಿಯವನ ಹತ್ತಿರ ಸೋರೆಕಾಯಿ ಬಂತು. ಉದ್ದಕ್ಕೆ, ಎಳೆಯದು, ಉಗುರು ತಾಗಿಸಿದರೆ ನೀರು ಜಿನುಗುವಂಥದ್ದು. ಹೆಂಡತಿ ಒಂದು ಚೂರು ಕತ್ತರಿಸಿ ನಾಲಿಗೆಗೆ ಇಟ್ಟವಳೇ ಸಿಂಕಿಗೆ ಓಡಿ ಉಗಿದು ಬಾಯಿ ಮುಕ್ಕಳಿಸಿದಳು. "ಕಹಿ" ಅಂದಳು. ದೊಡ್ಡಪ್ಪನ ಮುಖ ಅರಳಿತು. "ತಾ ಇಲ್ಲಿ. ಅದನ್ನ ನಂಗೆ ಅರೆದು ಕೊಡು."

ನಾನು ಅಡ್ಡ ಬಂದೆ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿಯ ರಸ ಕುಡಿದು ತೀರಿಕೊಂಡಿದ್ದನ್ನು ಹೇಳಿದೆ. ಅದಕ್ಕೆ ಹಾಗಲಕಾಯಿ ರಸವನ್ನೂ ಬೆರೆಸಿದ್ದರು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಹಾಗೆ ಬೆರೆಸಿದರೆ ಯಾವುದರ ಕಹಿ ಯಾವುದು ಅಂತ ನಾಲಿಗೆಗೆ ಹೇಗೆ ಗೊತ್ತಾಗಬೇಕು? ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಜ್ಞರ ಸಮಿತಿಯನ್ನೇ ಕೂರಿಸಿತು. ಅವರು ಹೇಳಿದ್ದು ಬಹಳ ಸರಳ. ಅರೆಯುವ ಮೊದಲು ಒಂದು ಚೂರು ರುಚಿ ನೋಡಿ, ಕಹಿ ಇದ್ದರೆ ಬಿಸಾಡಿ, ಬೇರೆ ರಸದ ಜೊತೆ ಬೆರೆಸಬೇಡಿ. ಬಳ್ಳಿಯು ತನ್ನನ್ನು ಯಾರೂ ತಿನ್ನದಿರಲಿ ಅಂತ ಮಾಡಿಕೊಳ್ಳುವ ವಿಷ ಅದು, ಕುಕುರ್ಬಿಟಾಸಿನ್ ಅಂತ ಹೆಸರು, ಮೈಗೆ ಏರಿದರೆ ಅದಕ್ಕೆ ಪ್ರತಿವಿಷ ಇಲ್ಲ ಅಂತಲೂ ಹೇಳಿದೆ.

ದೊಡ್ಡಪ್ಪ ತಾಳ್ಮೆಯಿಂದ ಕೇಳಿದರು. "ಹಾಗಾದ್ರೆ ಹಾಗಲಕಾಯಿ?"

"ಅದಕ್ಕೆ ಕಹಿ ಹುಟ್ಟುಗುಣ, ದೊಡ್ಡಪ್ಪ. ಸೋರೆಕಾಯಿ ಕಹಿ ಇರಬಾರದು."

"ಎರಡೂ ಒಂದೇ ಜಾತಿ ಬಳ್ಳಿ ಅಲ್ವೇನೋ?"

ಹೌದು, ಎರಡೂ ಒಂದೇ ಕುಟುಂಬದವು. ವಾದದಲ್ಲಿ ಎದುರಿನವರು ಸುಳ್ಳು ಹೇಳಿದರೆ ಸಿಟ್ಟು ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ನಿಜ ಹೇಳಿದಾಗ ಬರುವ ಸಿಟ್ಟು ಅದಕ್ಕಿಂತ ದೊಡ್ಡದು. ನಾನು ಸೋರೆಕಾಯಿಯನ್ನು ಫ್ರಿಜ್ಜಿನ ಮೇಲಿಟ್ಟೆ. ಅವರು ತಿಂಡಿ ತಿನ್ನುವಾಗ, ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಳ್ಳುವಾಗ ಫ್ರಿಜ್ಜಿನ ಮೇಲೇ ನೋಡುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಕೂತವರು ಇದ್ದಕ್ಕಿದ್ದಂತೆ ಅಂದರು: "ಅಲ್ವೋ, ನಮ್ಮ ಕೊಟ್ಟಿಗೇಲಿ ಗೌರಿ ಅಂತ ಒಂದು ದನ ಇತ್ತು. ಹಿತ್ತಲ ಸೋರೆಬಳ್ಳೀಲಿ ಒಂದು ವರ್ಷ ಬರೀ ಕಹಿಕಾಯಿ ಬಿಟ್ಟಿತ್ತು. ಹೆಚ್ಚಿ ಹಾಕಿದ್ರೆ ಮೂಸಿ ಮುಖ ತಿರುಗಿಸ್ತು. ಬಾಳೆಎಲೆ ಸಮೇತ ತಿನ್ನೋ ದನ ಅದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಸಾಡು ಅದನ್ನ" ಅಂದರು.

ದೆಹಲಿಯ ತಜ್ಞರಿಂದ ಆಗದ್ದನ್ನು ಸತ್ತು ಸ್ವರ್ಗ ಸೇರಿದ ಗೌರಿ ಮಾಡಿದಳು. ಅವತ್ತಿನಿಂದ ಮನೆಗೆ ಬಂದ ಸೋರೆಕಾಯಿಯ ರುಚಿ ನೋಡುವ ಕೆಲಸವನ್ನು ದೊಡ್ಡಪ್ಪ ತಾವೇ ವಹಿಸಿಕೊಂಡರು. ಊರಿಗೆ ಹೋದ ಮೇಲೂ ಫೋನಿನಲ್ಲಿ "ರುಚಿ ನೋಡಿದ್ರಾ?" ಎಂದು ಕೇಳಿಯೇ ಉಳಿದ ಮಾತು. ಸೌತೆಕಾಯಿಯ ವಿಷಯದಲ್ಲಿ ಮಾತ್ರ ಇನ್ನೂ ಬಗ್ಗಿಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಮಲೆನಾಡಿನವರು ಯಾರಾದರೂ ಒಂದೆಲಗದ ತಂಬುಳಿಯನ್ನು ಎತ್ತುತ್ತಾರೆ, ನಮ್ಮ ಅಜ್ಜಿ ಇದನ್ನೆಲ್ಲ ಆಗಲೇ ಮಾಡುತ್ತಿದ್ದರು ಅಂತ. ದಯವಿಟ್ಟು ಬೇಡ. ತಂಬುಳಿಗೆ ಕಾಯಿತುರಿ ಬೀಳುತ್ತದೆ, ಮಜ್ಜಿಗೆ ಬೀಳುತ್ತದೆ, ಮೇಲೆ ಒಗ್ಗರಣೆ ಬೀಳುತ್ತದೆ. ಮಧ್ಯಾಹ್ನ ಬಿಸಿ ಅನ್ನದ ಪಕ್ಕಕ್ಕೆ ಬರುತ್ತದೆ. ಅದು ಯಾರ ಬರಿಹೊಟ್ಟೆಯನ್ನೂ ಕೇಳಿದ್ದಿಲ್ಲ.

ನನಗೆ ನಿಜವಾಗಿ ಮೈ ಉರಿಯುವುದು ಸೋಸುವಾಗ. ಒಂದು ಕಟ್ಟು ಪಾಲಕ್, ಎರಡು ಸೌತೆಕಾಯಿ ಅರೆದು ಜಾಲರಿಗೆ ಸುರಿದು ಚಮಚದಲ್ಲಿ ಒತ್ತುತ್ತೇವೆ. ಕೆಳಗೆ ಲೋಟ ಮುಕ್ಕಾಲು ತುಂಬುತ್ತದೆ, ಮೇಲೆ ಹಸಿರು ಚರಟದ ಮುದ್ದೆ ಉಳಿಯುತ್ತದೆ. ಅದರಲ್ಲಿರುವುದು ನಾರು. ಬೆಳಿಗ್ಗೆ ನಾರನ್ನು ಹಿಂಡಿ ಹಸಿಕಸದ ಬಕೆಟ್ಟಿಗೆ ಹಾಕುವುದು, ರಾತ್ರಿ ಮಲಗುವಾಗ ನಾರಿಗೋಸ್ಕರ ದುಡ್ಡು ಕೊಟ್ಟು ತಂದ ಇಸಬ್‌ಗೋಲ್ ಕಲಸಿ ಕುಡಿಯುವುದು. ಇದಕ್ಕೆ ಡಿಟಾಕ್ಸ್ ಅಂತ ಹೆಸರು, ಅಂದರೆ ಮೈಯೊಳಗಿನ ವಿಷ ತೆಗೆಯುವುದಂತೆ. ಮೈಯಲ್ಲಿ ಲಿವರ್, ಕಿಡ್ನಿ ಎಂಬ ಎರಡು ಬಡಪಾಯಿಗಳು ಹಗಲು ರಾತ್ರಿ ಅದೇ ಕೆಲಸ ಮಾಡುತ್ತಿವೆ, ಅವುಗಳ ಹೆಸರೇ ಇಲ್ಲ. ಕಿಡ್ನಿಯಲ್ಲಿ ಕಲ್ಲಾಗುವವರಿಗೆ ಪಾಲಕ್ ಕಡಿಮೆ ಮಾಡಿ ಅಂತ ಡಾಕ್ಟರು ಹೇಳುತ್ತಾರೆ, ಅದರಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಎಂಬ ಅಂಶ ಜಾಸ್ತಿ. ಹಾಗೆ ಹೇಳಿಸಿಕೊಂಡು ಬಂದ ಗೆಳೆಯನೇ ನನಗೆ ಪಾಲಕ್ ಜ್ಯೂಸಿನ ವಿಡಿಯೋ ಕಳಿಸುತ್ತಾನೆ. ಅವನು ಕುಡಿಯುವ ಹಾಗಿಲ್ಲ, ನಾನಾದರೂ ಕುಡಿಯಲಿ ಅಂತಿರಬೇಕು.

ಹೆಂಡತಿಗೆ ಚರಟ ಬಿಸಾಡುವಾಗ ಕೈ ನಡುಗುತ್ತದೆ. ಹೀಗಾಗಿ ಅದು ಚಪಾತಿ ಹಿಟ್ಟಿಗೆ ಹೋಯಿತು, ದೋಸೆಗೆ ಹೋಯಿತು. ಅಕ್ಕಿರೊಟ್ಟಿಗೆ ಸಬ್ಬಸಿಗೆ ಸೊಪ್ಪಿನ ಜೊತೆ ಸೇರಿದಾಗ ಚೆನ್ನಾಗಿಯೇ ಇತ್ತು. ಬಿಸಿಯಾಗಿ, ಮೇಲೆ ಬೆಣ್ಣೆ ಹಾಕಿಕೊಂಡು ನಾನೂ ತಿಂದೆ. ಹಾಗಾದರೆ ಸೋಸದೆ ಸೊಪ್ಪನ್ನೇ ರೊಟ್ಟಿಗೆ ಹಾಕಬಹುದಲ್ಲ ಅಂದೆ. "ಹಾಗಾದ್ರೆ ಜ್ಯೂಸ್ ಎಲ್ಲಿಂದ ಬರುತ್ತೆ?" ಅಂದಳು.

ಸಿದ್ಧಾಂತ ಹೇಳುತ್ತೇನೆ ಅಂದಿದ್ದೆ. ಈಗ ಆಗುವುದಿಲ್ಲ. ಜ್ಯೂಸ್ ಜಾರಿನ ಮುಚ್ಚಳದ ರಬ್ಬರ್ ರಿಂಗ್ ಸಡಿಲವಾಗಿ, ಅಡುಗೆಮನೆಯ ಟೈಲ್ಸಿನ ಮೇಲೆಲ್ಲ ಹಸಿರು ಚಿಮ್ಮಿದೆ. ಹೊಸ ರಿಂಗ್ ತರಬೇಕು. ಅಳತೆಗೆ ಹಳೆಯದನ್ನು ತೆಗೆದುಕೊಂಡು ಹೋಗಬೇಕಂತೆ, ಅದನ್ನು ಕೆಲಸದವಳು ಎಲ್ಲಿಟ್ಟಿದ್ದಾಳೋ ಯಾರಿಗೂ ಗೊತ್ತಿಲ್ಲ.