ಕೇಳಿದ್ದು ಸಿಗದಿದ್ದರೆ ನಂಬಿಕೆ ಕಮ್ಮಿಯೇ?

ಪ್ರಾರ್ಥನೆ ಫಲಿಸಲಿಲ್ಲ ಅಂದರೆ ನಂಬಿಕೆ ಸಾಲಲಿಲ್ಲ ಅಂತ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲು ಆಗುವುದಿಲ್ಲ ಸರ್. ಬೈಬಲಿನಲ್ಲಿ, ಯೇಸುವಿನ ಸಂದೇಶ ಸಾರಿದ ಪೌಲ ತನ್ನ ಮೈಯ ಮುಳ್ಳು, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆ, ತೆಗೆಯಪ್ಪಾ ಅಂತ ಮೂರು ಸಲ ಬೇಡಿಕೊಂಡ (2 ಕೊರಿಂಥ 12). ಮುಳ್ಳು ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಪೌಲನಿಗೂ ನಂಬಿಕೆ ಕಮ್ಮಿ ಇತ್ತಾ? ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ಈ ಪಾತ್ರೆ, ಅಂದರೆ ಬರಲಿದ್ದ ಸಂಕಟ, ದೂರವಾಗಲಿ ಅಂತ ಕೇಳಿದರು, ಆಮೇಲೆ ‘ನಿನ್ನ ಚಿತ್ತದಂತೆ’ ಅಂದರು. ನಮಗೇನು ಬೇಕು ಅನ್ನೋದು ಕೇಳುವ ಮೊದಲೇ ತಂದೆಯಾದ ದೇವರಿಗೆ ಗೊತ್ತಿದೆ ಅಂತ ಮತ್ತಾಯ 6ರಲ್ಲೇ ಇದೆ. ಹಾಗಿದ್ದ ಮೇಲೆ ಪ್ರಾರ್ಥನೆ ಬರೀ ಬೇಡಿಕೆಯ ಪಟ್ಟಿ ಅಲ್ಲ, ಅಲ್ವಾ?

ಅಮ್ಮ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಮನೆಗೆ ಬಂದವರೊಬ್ಬರು ನಿಮ್ಮ ಮಾತನ್ನೇ ಹೇಳಿದ್ದರು. ಕೊನೆಯ ವಾರ ಅಮ್ಮ ವಾಸಿಮಾಡು ಅಂತ ಕೇಳುವುದನ್ನೇ ಬಿಟ್ಟಿದ್ದರು. ಜಪಸರ ಹಿಡಿದು ಸುಮ್ನೆ ಕೂತಿರುತ್ತಿದ್ದರು. ಅವರಿಗೆ ನಂಬಿಕೆ ಇರಲಿಲ್ಲ ಅಂತ ಹೇಗೆ ಹೇಳಲಿ?