ಡಾರ್ವಿನ್ ಮೇಜಿನ ಮೇಲೆ ಮೆಂಡೆಲ್ ಪತ್ರ ಇತ್ತಾ?

"ಮೆಂಡೆಲ್ ತಮ್ಮ ಬಟಾಣಿ ಪ್ರಯೋಗದ ಲೇಖನವನ್ನು ಡಾರ್ವಿನ್‌ಗೆ ಅಂಚೆಯಲ್ಲಿ ಕಳಿಸಿದ್ದರು. ಡಾರ್ವಿನ್ ಅದನ್ನು ತೆರೆದೇ ನೋಡಲಿಲ್ಲ." ವಾಟ್ಸಾಪ್‌ನಲ್ಲಿ ಈ ಸಂದೇಶ ನಿಮಗೂ ಬಂದಿರಬಹುದು. ಇದಕ್ಕೆ ಆಧಾರವಿಲ್ಲ.

ಗಿಡದ ಗುಣಗಳು ಒಂದು ತಲೆಮಾರಿನಿಂದ ಮುಂದಿನದಕ್ಕೆ ಯಾವ ಲೆಕ್ಕದಲ್ಲಿ ಹೋಗುತ್ತವೆ ಅಂತ ಬಟಾಣಿಯಲ್ಲಿ ತೋರಿಸಿದ ಮೆಂಡೆಲ್ ಲೇಖನ ಅಚ್ಚಾಗಿದ್ದು 1866ರಲ್ಲಿ, ಈಗಿನ ಚೆಕ್ ದೇಶದ ಬ್ರನೋ ಊರಿನಲ್ಲಿ. ಅವರು 40 ಪ್ರತಿ ತರಿಸಿಕೊಂಡು ಕೆಲವರಿಗೆ ಕಳಿಸಿದರು. ಡಾರ್ವಿನ್ ಅವರ ಪುಸ್ತಕ ಸಂಗ್ರಹದಲ್ಲಿ ಅದರ ಒಂದು ಪ್ರತಿಯೂ ಸಿಕ್ಕಿಲ್ಲ. ಇಬ್ಬರ ನಡುವೆ ನಡೆದ ಪತ್ರವೂ ಸಿಕ್ಕಿಲ್ಲ. ಡಾರ್ವಿನ್ ಬರೆದ ಮತ್ತು ಅವರಿಗೆ ಬಂದ ಸುಮಾರು 15,000 ಪತ್ರಗಳು ಇವತ್ತಿಗೂ ಉಳಿದಿವೆ ಅನ್ನೋದನ್ನು ನೆನಪಿಡಿ.

ಹಾಗಾದರೆ ಈ ಕಥೆ ಹುಟ್ಟಿದ್ದೆಲ್ಲಿ? ಜರ್ಮನಿಯ ಫೋಕೆ ಬರೆದ ಮಿಶ್ರತಳಿ ಸಸ್ಯಗಳ ಪುಸ್ತಕ ಡಾರ್ವಿನ್ ಬಳಿ ಇತ್ತು. ಆಗಿನ ಪುಸ್ತಕಗಳ ಹಾಳೆ ಅಂಟಿಕೊಂಡೇ ಬರುತ್ತಿದ್ದವು, ಓದುವವರೇ ಕತ್ತರಿಸಬೇಕಿತ್ತು. ಆ ಪ್ರತಿಯಲ್ಲಿ ಮೆಂಡೆಲ್ ಬಟಾಣಿಯ ವಿಷಯ ಇರುವ ಪುಟಗಳು ಕತ್ತರಿಸದೆ ಉಳಿದಿದ್ದವು. ಇದೇ ಬಾಯಿಂದ ಬಾಯಿಗೆ ಬೆಳೆದು "ತೆರೆಯದ ಲಕೋಟೆ" ಆಗಿರಬೇಕು ಅಂತ ನನಗನ್ನಿಸುತ್ತದೆ.

ನನಗೆ ಜಾಸ್ತಿ ನೋವಾಗುವುದು ನಿಜವಾಗಿ ನಡೆದ ಪತ್ರವ್ಯವಹಾರದ ಬಗ್ಗೆ. ಮೆಂಡೆಲ್ 1866ರಿಂದ 1873ರವರೆಗೆ ಮ್ಯೂನಿಕ್‌ನ ಸಸ್ಯವಿಜ್ಞಾನಿ ನೇಗೆಲಿಗೆ ಪತ್ರ ಬರೆದರು. ಬಟಾಣಿ ಬೀಜಗಳನ್ನೂ ಕಳಿಸಿದರು. ನೇಗೆಲಿ ಪತ್ರ ಓದಿದರು, ಉತ್ತರವನ್ನೂ ಬರೆದರು. ಆದರೆ ಆ ಕೆಲಸದ ತೂಕ ಅವರಿಗೆ ತಿಳಿಯಲಿಲ್ಲ. ಅವರಿಗೆ ಆಸಕ್ತಿ ಇದ್ದದ್ದು ಹಾಕ್‌ವೀಡ್ ಎಂಬ ಕಾಡುಹೂವಿನ ಗಿಡದಲ್ಲಿ. ಮೆಂಡೆಲ್ ಅದರ ಮೇಲೂ ವರ್ಷಗಟ್ಟಲೆ ದುಡಿದರು. ಆ ಗಿಡದಲ್ಲಿ ಪರಾಗವಿಲ್ಲದೆಯೂ ಬೀಜ ಕಟ್ಟುತ್ತದೆ, ಅಂಥ ಬೀಜಕ್ಕೆ ತಾಯಿಗಿಡದ ಗುಣ ಮಾತ್ರ ಬರುತ್ತದೆ. ಹಾಗಾಗಿ ಬಟಾಣಿಯ ಲೆಕ್ಕ ಅಲ್ಲಿ ಕೂಡಿಬರಲೇ ಇಲ್ಲ.